ಹೊನ್ನಾವರದ ಹಡಗು ಸುಟ್ಟವ ದನ ಹಿಡಿಯಲು ಹೋಗಿ ಸತ್ತ

ಕಾರವಾರದಿಂದ ಅಂಕೋಲಾ ಕಡೆ ಹೊರಟ ಬಸ್ಸಿನಲ್ಲಿ ಬಲಗಡೆಯ ಕಿಟಕಿ ಸಿಕ್ಕಿದವರು ಬಿಣಗಾ, ಅರಗಾ ದಾಟುವಾಗ ಒಮ್ಮೆ ಕಡಲ ಕಡೆ ನೋಡಬೇಕು. ಅಂಜದೀವ ಇರುವುದು ಆ ಕಡೆಗೇ. ಲೆಕ್ಕಕ್ಕೆ ಗೋವಾ ರಾಜ್ಯದ್ದು, ಹತ್ತಿರಕ್ಕೆ ಮಾತ್ರ ಕಾರವಾರವೇ. ನೌಕಾನೆಲೆಯ ಅಲೆತಡೆಗೋಡೆ ಈಗ ಅದನ್ನು ದಂಡೆಗೆ ಕಟ್ಟಿಹಾಕಿದೆ. ಈ ಸಣ್ಣ ನಡುಗಡ್ಡೆಯ ಮೇಲೆ ಐನೂರು ವರ್ಷದ ಹಿಂದೆ ಒಬ್ಬ ಪರಂಗಿ ಬಂದು ಕೋಟೆ ಕಟ್ಟಲು ಕಲ್ಲು ಹೊರಿಸಿದ. ಹೆಸರು ಫ್ರಾನ್ಸಿಸ್ಕೊ ದ ಅಲ್ಮೇಡಾ. ಪೋರ್ತುಗೀಸರು ಹಿಂದೂಸ್ಥಾನಕ್ಕೆ ಅಂತ ನೇಮಿಸಿದ ಮೊಟ್ಟಮೊದಲ ವೈಸರಾಯ್.

ನೆಲ ಇಲ್ಲ, ಊರಿಲ್ಲ, ತೆರಿಗೆ ಕೊಡುವ ಪ್ರಜೆಗಳಿಲ್ಲ, ಆದರೂ ವೈಸರಾಯ್! ನಗುವ ವಿಷಯವೇನೋ ಹೌದು. ಆದರೆ ಆತ ನಾಲ್ಕೇ ವರ್ಷದಲ್ಲಿ ಮಾಡಿಹೋದ ಕೆಲಸ ನಗುವಂಥದ್ದಲ್ಲ. ಅರಬ್ಬಿ ಸಮುದ್ರದಲ್ಲಿ ಯಾರ ಹಡಗು ಓಡಬೇಕು, ಯಾರದ್ದು ಓಡಬಾರದು ಅನ್ನೋದನ್ನು ಪರದೇಶದವರು ತೀರ್ಮಾನಿಸುವ ಕಾಲ ಶುರುವಾದದ್ದೇ ಅವನಿಂದ.

ಕುರುಡಾದವನ ಬದಲಿಗೆ ಬಂದವ

ಅಲ್ಮೇಡಾ ಹುಟ್ಟಿದ್ದು ಲಿಸ್ಬನ್ನಿನಲ್ಲಿ, ಸುಮಾರು 1450ರ ಹೊತ್ತಿಗೆ. ತಂದೆ ಅಬ್ರಾಂತಿಸ್ ಅನ್ನುವ ಊರಿನ ಕೌಂಟ್, ಅಂದರೆ ನಮ್ಮ ಕಡೆಯ ದೊಡ್ಡ ಪಾಳೇಗಾರ ಇದ್ದ ಹಾಗೆ. ಮಗ ಕತ್ತಿ ಹಿಡಿದು ಹೆಸರು ಮಾಡಿದ. 1492ರಲ್ಲಿ ಸ್ಪೇನಿನ ಗ್ರನಾಡಾ ಬಿದ್ದಾಗ ಆ ಯುದ್ಧದಲ್ಲೂ ಇದ್ದ.

1498ರಲ್ಲಿ ವಾಸ್ಕೊ ಡ ಗಾಮಾ ಕಲ್ಲಿಕೋಟೆಗೆ ಬಂದು ಹೋದ ಸುದ್ದಿ ಎಲ್ಲರಿಗೂ ಗೊತ್ತು. ವಾಪಸು ಹೋಗುವಾಗ ಆತ ಇದೇ ಅಂಜದೀವದಲ್ಲಿ ಲಂಗರು ಹಾಕಿ ಸಿಹಿನೀರು ತುಂಬಿಸಿಕೊಂಡ, ಹಡಗಿನ ಹೊಟ್ಟೆ ಕೆರೆಸಿ ರಿಪೇರಿ ಮಾಡಿಸಿಕೊಂಡ. ಅಲ್ಲಿಂದ ಮುಂದೆ ವರ್ಷ ವರ್ಷವೂ ಪರಂಗಿ ಹಡಗು ಬರುವುದು, ಮೆಣಸು ತುಂಬುವುದು, ಹೋಗುವುದು ನಡೆಯಿತು. ಹಡಗು ಹೋದ ಮೇಲೆ ಇಲ್ಲಿ ಉಳಿದ ಗುಮಾಸ್ತರಿಗೆ ರಕ್ಷಣೆ ಇಲ್ಲ. ಹೀಗಾಗಿ ದೊರೆ ಮ್ಯಾನುಯಲ್ ಇಲ್ಲೇ ನಿಂತು ಆಳುವ ಒಬ್ಬನನ್ನು ಕಳಿಸಲು ನಿಶ್ಚಯಿಸಿದ.

ಮೊದಲು ಆ ಹುದ್ದೆಗೆ ಆಯ್ಕೆಯಾದವ ಬೇರೆ, ತ್ರಿಸ್ತಾವ್ ದ ಕುನ್ಹಾ. ಹೊರಡುವ ಮುಂಚೆ ಅವನ ಕಣ್ಣು ಇದ್ದಕ್ಕಿದ್ದಂತೆ ಕಾಣದಾಯಿತು. ಆ ಕುರುಡು ಮುಂದೆ ವಾಸಿಯಾಯಿತು, ಹುದ್ದೆ ಮಾತ್ರ ಕೈಬಿಟ್ಟು ಹೋಗಿತ್ತು. ಐವತ್ತು ದಾಟಿದ ಅಲ್ಮೇಡಾ 1505ರ ಮಾರ್ಚ್ 25ರಂದು ಇಪ್ಪತ್ತಕ್ಕೂ ಮಿಕ್ಕ ಹಡಗು, ಸುಮಾರು ಒಂದೂವರೆ ಸಾವಿರ ಸೈನಿಕರೊಂದಿಗೆ ಲಿಸ್ಬನ್ ಬಿಟ್ಟ. ಜೊತೆಗೆ ಒಬ್ಬನೇ ಮಗ ಲೊರೆನ್ಸೊ. ಹರೆಯದ ಹುಡುಗ, ಆಳು ಗಟ್ಟಿ, ಧೈರ್ಯ ಇನ್ನೂ ಗಟ್ಟಿ.

ದಾರಿಯಲ್ಲಿ ಆಫ್ರಿಕಾದ ಕಿಲ್ವಾ ಹಿಡಿದರು. ಮೊಂಬಾಸಾ ಸುಟ್ಟರು. ಸೆಪ್ಟೆಂಬರದಲ್ಲಿ ಅಂಜದೀವಕ್ಕೆ ಬಂದು ಮುಟ್ಟಿದರು.

ಹೊನ್ನಾವರದಲ್ಲಿ ಬೆಂಕಿ

ಆ ಕಾಲದ ಹೊನ್ನಾವರ ಅಂದರೆ ಈಗಿನ ಹಾಗೆ ಬಸ್ಸು ಬದಲಿಸುವ ಊರಾಗಿರಲಿಲ್ಲ. ಘಟ್ಟದ ಮೆಣಸು, ಕರಾವಳಿಯ ಅಕ್ಕಿ ಶರಾವತಿಯ ಅಳಿವೆಯಿಂದ ಹೊರಗೆ ಹೋಗುತ್ತಿತ್ತು. ವಿಜಯನಗರಕ್ಕೆ ಬೇಕಾದ ಅರಬ್ಬಿ ಕುದುರೆ ಭಟ್ಕಳ, ಹೊನ್ನಾವರದ ಕಡೆಯಿಂದಲೇ ಘಟ್ಟ ಹತ್ತಬೇಕು. ಕುದುರೆ ಇಲ್ಲದಿದ್ದರೆ ವಿಜಯನಗರದ ದಂಡು ನಡೆಯುವುದಿಲ್ಲ. ಬಂದರು ಅಂದರೆ ಬರೀ ವ್ಯಾಪಾರ ಅಲ್ಲ, ರಾಜ್ಯದ ಉಸಿರು.

ಇಂಥ ಊರಿಗೂ ಅಲ್ಮೇಡಾನಿಗೂ ಕುದುರೆಯ ವಿಷಯದಲ್ಲೇ ತಕರಾರು ಬಂತು. ಅಕ್ಟೋಬರದಲ್ಲಿ ಆತ ಹಡಗು ತಂದು ಅಳಿವೆಯ ಬಾಯಿಗೆ ನಿಲ್ಲಿಸಿದ. ಜಗಳ ಹತ್ತಿತು. ಊರವರು ಸುಮ್ಮನೆ ಕೂರಲಿಲ್ಲ, ಬಾಣದ ಮಳೆಗರೆದರು. ಒಂದು ಬಾಣ ನೇರ ವೈಸರಾಯನ ಕಾಲಿಗೇ ನಾಟಿತು. ಸಿಟ್ಟಿಗೆದ್ದ ಪರಂಗಿಗಳು ನದಿಯಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿ ಇಟ್ಟರು. ಒಬ್ಬ ವ್ಯಾಪಾರಿ ಹತ್ತು ವರ್ಷ ದುಡಿದು ಕಟ್ಟಿಸಿದ ಹಡಗು ಸುಟ್ಟು ಬೂದಿಯಾಗಲು ಒಂದು ಮಧ್ಯಾಹ್ನ ಸಾಕು.

ಕೊನೆಗೆ ಮಧ್ಯಸ್ಥಿಕೆಗೆ ಬಂದವ ತಿಮ್ಮೋಜ. ಪೋರ್ತುಗೀಸರ ಬರಹದಲ್ಲಿ ತಿಮೋಜಾ. ಹೊನ್ನಾವರದ ಈ ಮನುಷ್ಯನನ್ನು ಕೆಲವರು ಕಡಲ ಸರದಾರ ಅಂದರು, ಕೆಲವರು ಕಡಲ್ಗಳ್ಳ ಅಂದರು. ಎರಡೂ ಸುಳ್ಳಲ್ಲ. ಸ್ವಂತ ಹಡಗಿನ ಪಡೆ ಇಟ್ಟುಕೊಂಡಿದ್ದ, ಗಾಳಿ ಎತ್ತ ಬೀಸುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು. ಫಿರಂಗಿ ಇದ್ದವನ ಜೊತೆ ಜಗಳ ಬೇಡ ಅಂತ ರಾಜಿ ಮಾಡಿಕೊಂಡ. ಆ ರಾಜಿ ಮುಂದೆ ಬಹಳ ದೂರ ಹೋಯಿತು.

ಕಡಲಿಗೂ ಪರವಾನಿಗೆ

ಅಲ್ಮೇಡಾ ಅಲ್ಲಿಂದ ಕಣ್ಣೂರಿಗೆ ಹೋಗಿ ಕೋಟೆಗೆ ಕಲ್ಲು ಹಾಕಿಸಿದ, ಕೊಚ್ಚಿಯಲ್ಲಿ ಠಾಣ್ಯ ಹೂಡಿದ. ಅಂಜದೀವದ ಕೋಟೆ ಮಾತ್ರ ನಿಲ್ಲಲಿಲ್ಲ. ಗೋವೆ ಕಡೆಯ ಆದಿಲಶಾಹಿ ಪಡೆ ಬಂದು ಮುತ್ತಿತು. ಮಳೆಗಾಲದಲ್ಲಿ ಸಹಾಯ ಮುಟ್ಟಿಸುವುದು ಕಷ್ಟ. ಕಾವಲಿಗೆ ಆಗುವ ಖರ್ಚು ಹೆಚ್ಚು, ಬರುವ ಲಾಭ ಕಡಿಮೆ. ಬೇಗನೇ ಕೆಡವಿ ಬಿಟ್ಟುಹೋದರು.

ಇದರಿಂದ ಅಲ್ಮೇಡಾ ಒಂದು ಪಾಠ ಕಲಿತ. ಕೋಟೆ ಹೆಚ್ಚಿದಷ್ಟೂ ಬಲ ಹಂಚಿ ಹೋಗುತ್ತದೆ. ನೀರಿನ ಮೇಲೆ ಬಲ ಇದ್ದರೆ ನೆಲದವರು ತಾವಾಗಿ ಬಗ್ಗುತ್ತಾರೆ. ದೊರೆಗೆ ಆತ ಬರೆದು ತಿಳಿಸಿದ್ದೂ ಇದೇ ಅರ್ಥದ ಮಾತು.

ಆ ಬಲದ ಕಾಗದ ರೂಪವೇ ಕಾರ್ತಾಜ್ ಅನ್ನುವ ಪರವಾನಿಗೆ. ನಮ್ಮ ಕಡಲಲ್ಲಿ ನಮ್ಮ ಹಡಗು ನಮ್ಮ ಸಾಮಾನು ಹೊತ್ತು ಹೋಗಬೇಕಾದರೂ ಪೋರ್ತುಗೀಸರಿಂದ ಪಾಸು ಪಡೆಯಬೇಕು. ಪಾಸಿಲ್ಲದ ಹಡಗು ಸಿಕ್ಕರೆ ಮಾಲೂ ಅವರದ್ದು, ಹಡಗೂ ಅವರದ್ದು. ಅದಕ್ಕೂ ಮುಂಚೆ ಈ ಕಡಲಲ್ಲಿ ಕಳ್ಳರಿದ್ದರು, ಬಂದರಿನಲ್ಲಿ ಸುಂಕ ಇತ್ತು. ಆದರೆ ನೀರಿಗೇ ಒಬ್ಬ ಯಜಮಾನ ಅಂತ ಇರಲಿಲ್ಲ. ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲಿಸಿ ಕಾದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

1506ರ ಮಾರ್ಚಿನಲ್ಲಿ ಕಲ್ಲಿಕೋಟೆಯ ಸಾಮೂತಿರಿ ದೊಡ್ಡ ಪಡೆ ಕಳಿಸಿದ. ಕಣ್ಣೂರಿನ ಎದುರು ಮಗ ಲೊರೆನ್ಸೊ ಕೆಲವೇ ಹಡಗುಗಳಿಂದ ಅದನ್ನು ಮುರಿದ. ನಮ್ಮವರ ದೋಣಿ ನೂರಾರು ಇದ್ದವು, ಆದರೆ ಹಗುರ. ಅವರ ಹಡಗು ಎತ್ತರ, ಹಲಗೆ ದಪ್ಪ, ಪಕ್ಕದಲ್ಲಿ ಸಾಲಾಗಿ ಫಿರಂಗಿ. ದೂರದಿಂದಲೇ ಹೊಡೆದು ಮುಳುಗಿಸುವವನ ಎದುರು ಹತ್ತಿರ ಹೋಗಿ ಕೈ ಮಿಲಾಯಿಸುವವನ ಆಟ ನಡೆಯಲಿಲ್ಲ.

ಮೆಣಸಿಗಾಗಿ ಮಿಸರಿನಿಂದ ಬಂದವರು

ಇತ್ತ ಮೆಣಸಿನ ದಾರಿ ತಪ್ಪಿದ್ದರಿಂದ ಹೊಟ್ಟೆಗೆ ಪೆಟ್ಟು ಬಿದ್ದದ್ದು ಬರೀ ಕಲ್ಲಿಕೋಟೆಗಲ್ಲ. ಮೊದಲೆಲ್ಲ ಮೆಣಸು ಕೆಂಪು ಸಮುದ್ರ ಹಾದು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗುತ್ತಿತ್ತು. ಅಲ್ಲಿ ಸುಲ್ತಾನ ಸುಂಕ ಎತ್ತುತ್ತಿದ್ದ, ವೆನಿಸ್ಸಿನ ಸಾವಕಾರರು ಕೊಂಡು ಯುರೋಪಿಗೆಲ್ಲ ಮಾರುತ್ತಿದ್ದರು. ಪರಂಗಿಗಳು ಆಫ್ರಿಕಾ ಸುತ್ತಿ ಮಾಲು ನೇರ ಒಯ್ಯತೊಡಗಿದ ಮೇಲೆ ಇಬ್ಬರ ಅಂಗಡಿಗೂ ನೊಣ ಹೊಡೆಯುವ ಪರಿಸ್ಥಿತಿ.

ಈಜಿಪ್ಟಿನ ಸುಲ್ತಾನ ಕಾನ್ಸುಹ್ ಘೋರಿ ಕೊನೆಗೆ ಅಮೀರ್ ಹುಸೇನ್ ಅನ್ನುವ ಸೇನಾಪತಿಯ ಕೈಗೆ ಪಡೆ ಕೊಟ್ಟು ಸುಯೆಜ್‌ನಿಂದ ಕಳಿಸಿದ. 1507ರಲ್ಲಿ ಆ ಪಡೆ ಗುಜರಾತಿನ ದೀವ್ ಬಂದರಿಗೆ ಬಂತು.

ದೀವ್ ಎಲ್ಲಿದೆ ಅಂತ ನಕಾಶೆ ನೋಡಿದರೆ ಅದರ ಮಹತ್ವ ತಿಳಿಯುತ್ತದೆ. ಖಂಬಾಯತದ ಕೊಲ್ಲಿಯ ಬಾಯಲ್ಲೇ ಕಾವಲುಗಾರನ ಹಾಗೆ ಕೂತ ದ್ವೀಪ. ಗುಜರಾತಿನ ಬಟ್ಟೆ ಅರಬಸ್ತಾನಕ್ಕೆ ಹೋಗಲಿ, ಮಲಬಾರದ ಮೆಣಸು ಕೆಂಪು ಸಮುದ್ರಕ್ಕೆ ಹೋಗಲಿ, ದೀವಿನ ಕಣ್ಣು ತಪ್ಪಿಸುವುದು ಕಷ್ಟ. ಅಲ್ಲಿನ ಅಧಿಕಾರಿ ಮಲಿಕ್ ಅಯಾಜ್. ಪರದೇಶದಿಂದ ಗುಲಾಮನಾಗಿ ಬಂದು, ಗುಜರಾತಿನ ಸುಲ್ತಾನನ ಮೆಚ್ಚುಗೆ ಗಳಿಸಿ, ಬಂದರು ಕಟ್ಟಿ ಬೆಳೆಸಿದ ಜಾಣ. ಅವನಿಗೆ ಪರಂಗಿಯೂ ಬೇಡ, ಈಜಿಪ್ಟಿನವನ ಯಜಮಾನಿಕೆಯೂ ಬೇಡ. ವ್ಯಾಪಾರ ಕೆಡದಿದ್ದರೆ ಸಾಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಬ್ಬರಿಗೂ ಬೆಳಕು ತೋರಿಸುತ್ತ ಇದ್ದ.

ಚೌಲಿನ ಮೀನಿನ ಗೂಟ

1508ರ ಮಾರ್ಚ್. ಮುಂಬಯಿಗೆ ದಕ್ಷಿಣದ ಚೌಲ್ ಬಂದರಿನಲ್ಲಿ ಲೊರೆನ್ಸೊ ಇದ್ದ. ಹುಸೇನನ ಪಡೆ ಅಲ್ಲಿಗೇ ಬಂದು ಎರಗಿತು. ಹಿಂದಿನಿಂದ ಮಲಿಕ್ ಅಯಾಜನ ದೋಣಿಗಳೂ ಸೇರಿಕೊಂಡವು. ಪರಂಗಿಗಳು ಹೊರಗೆ ಜಾರಲು ಹೊರಟರು. ಲೊರೆನ್ಸೊನ ಹಡಗಿಗೆ ತೂತು ಬಿದ್ದು ನೀರು ನುಗ್ಗುತ್ತಿತ್ತು. ಸೆಳವಿಗೆ ಸಿಕ್ಕ ಹಡಗು ಮೀನುಗಾರರು ಬಲೆ ಕಟ್ಟಲು ನೆಟ್ಟಿದ್ದ ಗೂಟಗಳಿಗೆ ಹೋಗಿ ಸಿಕ್ಕಿಕೊಂಡಿತು. ಉಳಿದ ಹಡಗಿನವರು ಎಳೆದು ನೋಡಿದರು, ಬರಲಿಲ್ಲ.

ತಪ್ಪಿಸಿಕೊಳ್ಳಲು ಸಣ್ಣ ದೋಣಿ ಇತ್ತು, ಲೊರೆನ್ಸೊ ಹೋಗಲಿಲ್ಲ. ಗುಂಡು ತಗುಲಿ ಕಾಲು ಮುರಿಯಿತು. ಕೂವೆಮರಕ್ಕೆ ತನ್ನನ್ನು ಒರಗಿಸಿ ಕೂರಿಸುವಂತೆ ಹೇಳಿ ಅಲ್ಲಿಂದಲೇ ಯುದ್ಧ ನಡೆಸಿದ. ಎರಡನೇ ಗುಂಡು ಎದೆಗೆ ಬಿತ್ತು. ಬದುಕಿ ಉಳಿದ ಕೆಲವೇ ಮಂದಿಯನ್ನು ಮಲಿಕ್ ಅಯಾಜ್ ಸೆರೆಹಿಡಿದು ದೀವಿಗೆ ಒಯ್ದ. ಮದ್ದು ಮಾಡಿಸಿದ, ಊಟ ಬಟ್ಟೆಗೆ ಕೊರತೆ ಮಾಡಲಿಲ್ಲ. ತಂದೆಗೆ ಕಾಗದ ಬರೆಸಿ ಮಗನ ಶೌರ್ಯವನ್ನು ಹೊಗಳಿದ. ಮುಂದೆ ಏನಾಗಬಹುದು ಅಂತ ಆ ಜಾಣ ಅಂದೇ ಲೆಕ್ಕ ಹಾಕಿದ್ದ.

ಇದ್ದೊಬ್ಬ ಮಗ ಹೋದ. ಅಲ್ಮೇಡಾ ವೈಸರಾಯ್ ಆಗಿದ್ದದ್ದು ಅಲ್ಲಿಯವರೆಗೆ; ಆಮೇಲೆ ಆತ ಸೇಡು ಹೊತ್ತ ತಂದೆ ಅಷ್ಟೆ.

ಕುರ್ಚಿ ಬಿಡದ ಮುದುಕ

1508ರ ಡಿಸೆಂಬರದಲ್ಲಿ ಅಫೊನ್ಸೊ ದ ಆಲ್ಬುಕರ್ಕ್ ಕಣ್ಣೂರಿಗೆ ಬಂದ. ಕೈಯಲ್ಲಿ ದೊರೆಯ ಆಜ್ಞೆ: ಅಲ್ಮೇಡಾನ ಅವಧಿ ಮುಗಿದಿದೆ, ಅಧಿಕಾರ ಆಲ್ಬುಕರ್ಕನಿಗೆ. ಅಲ್ಮೇಡಾ ಒಪ್ಪಲಿಲ್ಲ. ಮಗನ ಲೆಕ್ಕ ಚುಕ್ತಾ ಆಗುವವರೆಗೆ ಕುರ್ಚಿ ಬಿಡುವುದಿಲ್ಲ ಅಂತ ಹಡಗು ಹತ್ತಿಬಿಟ್ಟ. ವರ್ಗದ ಆರ್ಡರು ಬಂದ ಮೇಲೂ ಚಾರ್ಜು ಕೊಡದವರು ಇವತ್ತಿನವರೇ ಅಂತ ತಿಳಿಯಬೇಕಾಗಿಲ್ಲ!

ಸುಮಾರು ಹದಿನೆಂಟು ಹಡಗು, ಸಾವಿರದ ಇನ್ನೂರಕ್ಕೆ ಕಡಿಮೆಯಿಲ್ಲದ ಪರಂಗಿಗಳು, ಜೊತೆಗೆ ಮಲಬಾರದ ಕೆಲವು ನೂರು ಆಳು. ಈ ಪಡೆ ನಮ್ಮ ಕರಾವಳಿಯುದ್ದಕ್ಕೂ ಬಡಗಲಿಗೆ ಸಾಗಿತು. ಅಂಜದೀವದಲ್ಲಿ ನಿಂತು ನೀರು ತುಂಬಿಸಿಕೊಂಡಿತು. ಹೊನ್ನಾವರದ ತಿಮ್ಮೋಜ ಆಹಾರ ಸಾಮಾನು ಒದಗಿಸಿದ. ಮೂರು ವರ್ಷದ ಹಿಂದೆ ಹಡಗು ಸುಟ್ಟವನಿಗೇ ಈಗ ಅಕ್ಕಿ!

ಡಿಸೆಂಬರ್ ಕೊನೆಗೆ ಕೊಂಕಣದ ದಾಭೋಳ ಸಿಕ್ಕಿತು. ಬಿಜಾಪುರದ ಆದಿಲಶಾಹಿಗೆ ಸೇರಿದ ಸಮೃದ್ಧ ಬಂದರು. ಚೌಲಿನ ಸಾವಿಗೆ ಈ ಊರು ಕಾರಣವಲ್ಲ. ಆದರೂ ಹೆಂಗಸು, ಮಕ್ಕಳು, ಮುದುಕರು ಅನ್ನದೆ ಕಡಿದರು. ಊರಿಗೆ ಬೆಂಕಿ ಇಟ್ಟರು. ಅಂಗಡಿ, ಉಗ್ರಾಣ, ಮನೆ ಎಲ್ಲಾ ಹೋಯಿತು. ಪೋರ್ತುಗೀಸರ ಸ್ವಂತ ಇತಿಹಾಸಕಾರರೇ ಇದನ್ನು ಬರೆದಿಟ್ಟಿದ್ದಾರೆ. ಪರಂಗಿಯ ಸಿಟ್ಟು ದಾಭೋಳದ ಮೇಲೆ ಬಿದ್ದ ಹಾಗೆ ನಿನ್ನ ಮೇಲೂ ಬೀಳಲಿ ಅಂತ ಶಾಪ ಹಾಕುವ ರೂಢಿ ಆಮೇಲೆ ಬಂತಂತೆ.

ದೀವಿನ ಒಂದು ಹಗಲು

1509ರ ಫೆಬ್ರವರಿ 2ರಂದು ಪಡೆ ದೀವಿನ ಎದುರು ನಿಂತಿತು. ಒಳಗೆ ಹುಸೇನನ ದೊಡ್ಡ ಹಡಗು, ಉದ್ದನೆಯ ಹುಟ್ಟಿನ ಹಡಗು, ಗುಜರಾತಿನವು ಕೆಲವು, ಕಲ್ಲಿಕೋಟೆಯಿಂದ ಬಂದ ಹತ್ತಾರು ಸಣ್ಣ ನಾವೆ. ಎಣಿಕೆಯಲ್ಲಿ ಪರಂಗಿಗಳೇ ಕಡಿಮೆ.

ಆದರೆ ಒಳಗಿನವರಲ್ಲಿ ಒಗ್ಗಟ್ಟಿಲ್ಲ. ಹೊರಗೆ ಹೋಗಿ ತೆರೆದ ಕಡಲಲ್ಲಿ ಎದುರಿಸಬೇಕೆಂಬ ಯೋಚನೆ ಇತ್ತು, ಆಗಲಿಲ್ಲ. ದಂಡೆಯ ತೋಪುಗಳ ಆಸರೆಯಲ್ಲಿ, ಬಂದರಿನೊಳಗೇ ಲಂಗರು ಹಾಕಿ ಕಾಯಲು ಹುಸೇನ್ ತೀರ್ಮಾನಿಸಿದ. ಮಲಿಕ್ ಅಯಾಜ್ ಹಡಗು ಕೊಟ್ಟ, ತಾನು ದಂಡೆಯ ಮೇಲೇ ಉಳಿದ. ನಿಂತ ಹಡಗು ಕಟ್ಟಿದ ಎಮ್ಮೆಯ ಹಾಗೆ. ಹೊಡೆಯುವವನಿಗೆ ಗುರಿ ತಪ್ಪುವುದಿಲ್ಲ.

ಮಾರನೇ ದಿನ, ಫೆಬ್ರವರಿ 3, ಹೊತ್ತೇರಿ ಗಾಳಿ ತಿರುಗಿದ ಮೇಲೆ ಅಲ್ಮೇಡಾನ ಹಡಗುಗಳು ಕಾಲುವೆಯೊಳಗೆ ನುಗ್ಗಿದವು. ಅವನಿದ್ದ ಹಡಗು ಫ್ಲೋರ್ ದ ಲಾ ಮಾರ್, ಅಂದರೆ ಕಡಲ ಹೂವು. ಹೂವಿನ ಹೆಸರು, ಕೆಲಸ ಬೆಂಕಿಯದ್ದು. ಕಲ್ಲಿಕೋಟೆಯ ನಾವೆಗಳು ಹತ್ತಿರ ಬಾರದಂತೆ ಅದರ ಫಿರಂಗಿ ತಡೆದು ನಿಲ್ಲಿಸಿತು. ಉಳಿದ ದೊಡ್ಡ ಹಡಗುಗಳು ಹುಸೇನನ ಹಡಗುಗಳಿಗೆ ಒಂದಕ್ಕೊಂದು ಕೊಕ್ಕೆ ಹಾಕಿ ಏರಿದವು. ತುರ್ಕರು, ಹಬಶಿಗಳು ಬಾಣ ಬಿಟ್ಟು ಜೀವ ಕೊಟ್ಟು ಕಾದಿದರು. ಸಂಜೆಯೊಳಗೆ ಎಲ್ಲಾ ಮುಗಿಯಿತು. ಪರಂಗಿಗಳಲ್ಲಿ ಸತ್ತವರು ಮೂವತ್ತೆರಡು, ಗಾಯಗೊಂಡವರು ಮುನ್ನೂರು ಅಂತ ಲೆಕ್ಕ. ಈಜಿಪ್ಟಿನವರ ಕಡೆ ಉಳಿದವರು ಬೆರಳೆಣಿಕೆಯಷ್ಟು. ಹುಸೇನ್ ತಪ್ಪಿಸಿಕೊಂಡು ಗುಜರಾತಿನ ಒಳಗೆ ಓಡಿದ.

ಮಲಿಕ್ ಅಯಾಜ್ ತಡಮಾಡಲಿಲ್ಲ. ಚೌಲಿನ ಕೈದಿಗಳನ್ನು ಒಳ್ಳೆ ಬಟ್ಟೆ ಉಡಿಸಿ ಒಪ್ಪಿಸಿದ, ಸಂಧಿಗೆ ಬಂದ. ದೀವಿನ ವ್ಯಾಪಾರಿಗಳು ದೊಡ್ಡ ಮೊತ್ತ ದಂಡ ತೆತ್ತರು. ಬಂದರನ್ನೇ ತೆಗೆದುಕೊಳ್ಳಬಹುದಿತ್ತು, ಅಲ್ಮೇಡಾ ತೆಗೆದುಕೊಳ್ಳಲಿಲ್ಲ. ಅಷ್ಟು ದೂರದ ಊರನ್ನು ಕಾಯುವ ಖರ್ಚು ಮೈಮೇಲೆ ಬೇಡ ಅನ್ನುವ ಹಳೇ ಲೆಕ್ಕ. ಪೋರ್ತುಗೀಸರು ಅಲ್ಲಿ ಕೋಟೆ ಕಟ್ಟಿದ್ದು 1535ರಲ್ಲಿ.

ಸೇಡು ಮಾತ್ರ ಅಲ್ಲಿಗೆ ತೀರಲಿಲ್ಲ. ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿದರು, ಸುಟ್ಟರು. ಕೆಲವರನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿದರು. ಮಗನ ಮೇಲಿನ ಪ್ರೀತಿ ಎಷ್ಟೇ ದೊಡ್ಡದಿರಲಿ, ಕೈಕಾಲು ಕಟ್ಟಿದವರನ್ನು ಹೀಗೆ ಕೊಂದದ್ದಕ್ಕೆ ಅದು ಸಮಾಧಾನ ಆಗಲಾರದು.

ಅಡಿಕೆಗೆ ಹೋದ ಮಾನ

ಕೊಚ್ಚಿಗೆ ಮರಳಿದ ಮೇಲೂ ಅಲ್ಮೇಡಾ ಅಧಿಕಾರ ಬಿಡಲಿಲ್ಲ. ಕೇಳಲು ಬಂದ ಆಲ್ಬುಕರ್ಕನನ್ನು ಕಣ್ಣೂರಿಗೆ ಕಳಿಸಿ ಕೋಟೆಯಲ್ಲಿ ಕೂಡಿಹಾಕಿಸಿದ. ಕೊನೆಗೆ ಲಿಸ್ಬನ್ನಿನಿಂದ ಫೆರ್ನಾಂಡೊ ಕೌಟಿನ್ಹೊ ಅನ್ನುವ ದೊಡ್ಡ ಅಧಿಕಾರಿ ದೊಡ್ಡ ಪಡೆಯೊಂದಿಗೆ ಬಂದ. ಆಗ ಬೇರೆ ದಾರಿ ಇರಲಿಲ್ಲ. 1509ರ ನವೆಂಬರದಲ್ಲಿ ಅಧಿಕಾರ ಒಪ್ಪಿಸಿ ಡಿಸೆಂಬರದಲ್ಲಿ ಊರಿಗೆ ಹೊರಟ.

ಆತ ಗುಡ್‌ಹೋಪ್ ಭೂಶಿರ ದಾಟಿ ಮನೆ ಮುಟ್ಟುವುದಿಲ್ಲ ಅಂತ ಕೊಚ್ಚಿಯ ಮಾಟಗಾತಿಯರು ಹೇಳಿದ್ದರು ಅನ್ನುವ ಕಥೆ ಒಂದಿದೆ. ಭೂಶಿರ ದಾಟಿಯೂ ಆಯಿತು. ಆಚೆ ಕಡೆ ಈಗಿನ ಕೇಪ್‌ಟೌನ್ ಇರುವ ಕೊಲ್ಲಿಯಲ್ಲಿ ನೀರು ತುಂಬಲು ಹಡಗು ನಿಲ್ಲಿಸಿದರು. ಅಲ್ಲಿದ್ದವರು ಖೋಯ್‌ಖೋಯ್ ಎಂಬ ದನಗಾಹಿ ಜನ. ಮೊದಲು ಕೊಡು ಕೊಳ್ಳು ಚೆನ್ನಾಗಿಯೇ ನಡೆಯಿತು. ಆಮೇಲೆ ಹಡಗಿನವರು ಊರೊಳಗೆ ಹೋಗಿ ಏನೋ ಕಿತಾಪತಿ ಮಾಡಿ ಪೆಟ್ಟು ತಿಂದು ಬಂದರು. ಮಾನ ಹೋಯಿತು, ಬುದ್ಧಿ ಕಲಿಸಬೇಕು ಅಂತ ಗಲಾಟೆ ಎಬ್ಬಿಸಿದರು. ಮುದುಕನಿಗೆ ಮನಸ್ಸಿರಲಿಲ್ಲ, ಆದರೂ ಒಪ್ಪಿದ.

1510ರ ಮಾರ್ಚ್ 1. ನಸುಕಿನಲ್ಲಿ ಸುಮಾರು ನೂರೈವತ್ತು ಮಂದಿ ಹಳ್ಳಿಗೆ ನುಗ್ಗಿದರು. ದನ ಹೊಡೆದುಕೊಂಡರು, ಮಕ್ಕಳನ್ನೂ ಎತ್ತಿಕೊಂಡರು. ಕತ್ತಿ ಭರ್ಜಿ ಮಾತ್ರ ಇತ್ತು. ದನಗಾಹಿಗಳಿಗೆ ಫಿರಂಗಿ ಯಾಕೆ ಅಂತ ತಂದಿರಲಿಲ್ಲ. ಹಳ್ಳಿಯವರು ಸಿಳ್ಳು ಹಾಕಿ ಕರೆದರೆ ಅವರ ದನ ಹೇಳಿದ ಮಾತು ಕೇಳುತ್ತಿದ್ದವು. ಆ ದನದ ಮರೆಯಲ್ಲೇ ನಿಂತು ಕಲ್ಲು ಬೀರಿದರು, ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿದ ಮರದ ಈಟಿ ಎಸೆದರು. ಪರಂಗಿಗಳು ಮರಳಿನಲ್ಲಿ ಕಾಲು ಹೂತು ದಂಡೆಗೆ ಓಡಿದರೆ ದೋಣಿ ಅಲ್ಲಿಲ್ಲ. ಗಾಳಿ ಜೋರಾಗಿದ್ದರಿಂದ ನೀರು ತುಂಬುವ ಜಾಗಕ್ಕೆ ಸರಿಸಿದ್ದರು. ಅರವತ್ತಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು. ಈಟಿಯೊಂದು ಅಲ್ಮೇಡಾನ ಗಂಟಲಿಗೆ ನಾಟಿತು. ಸಂಜೆ ಉಳಿದವರು ಬಂದು ಆ ದಂಡೆಯಲ್ಲೇ ಗುಂಡಿ ತೋಡಿ ಹೂತರು.

ಸುಲ್ತಾನರ ನೌಕಾಪಡೆ ಮುರಿದವನನ್ನು ಕಬ್ಬಿಣದ ಮೊನೆ ಕೂಡ ಇಲ್ಲದ ಈಟಿ ಮುಗಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮ ಹಿರಿಯರು ಹೇಳುವುದು ಇದಕ್ಕೇ.

ಉಳಿದ ಬಾಕಿ

ಅದೇ ಹೊತ್ತಿಗೆ ಇಲ್ಲಿ ಆಲ್ಬುಕರ್ಕ್ ತಿಮ್ಮೋಜನ ಸಲಹೆ, ಸಹಾಯದಿಂದ ಗೋವೆ ಹೊಕ್ಕಿದ್ದ. ಒಮ್ಮೆ ಕೈಬಿಟ್ಟು ಅದೇ ವರ್ಷದ ನವೆಂಬರದಲ್ಲಿ ಖಾಯಂ ಹಿಡಿದ. ಈಜಿಪ್ಟಿನ ಸುಲ್ತಾನಿಕೆ 1517ರಲ್ಲಿ ತುರ್ಕರ ಕೈಯಲ್ಲಿ ಅಳಿಯಿತು. ನಮ್ಮ ಕರಾವಳಿಯ ಹಡಗಿನವರು ಮಾತ್ರ ತಲೆಮಾರುಗಟ್ಟಲೆ ಪಾಸು ಕೊಂಡುಕೊಂಡೇ ಕಡಲಿಗೆ ಇಳಿದರು. 1568-69ರ ಹೊತ್ತಿಗೆ ಮಂಗಳೂರು, ಹೊನ್ನಾವರದಲ್ಲೂ ಪರಂಗಿ ಕೋಟೆ ಎದ್ದಿತು.

ಅಲ್ಮೇಡಾ ಬಿಟ್ಟುಹೋದ ಅಂಜದೀವಕ್ಕೆ ಪೋರ್ತುಗೀಸರು ಮುಂದೆ ಮತ್ತೆ ಬಂದರು. 1961ರ ನವೆಂಬರದಲ್ಲಿ ಅಲ್ಲಿಂದ ಹಾರಿದ ಗುಂಡು ನಮ್ಮ ಸಾಬರಮತಿ ಹಡಗಿಗೆ ಬಿತ್ತು. ಅದೇ ತಿಂಗಳು ಮೀನು ಹಿಡಿಯಲು ಹೋದ ನಮ್ಮ ಮೀನುಗಾರನೊಬ್ಬ ಗುಂಡಿಗೆ ಬಲಿಯಾದ. ಡಿಸೆಂಬರದಲ್ಲಿ ಭಾರತದ ನೌಕಾಪಡೆ ಇಳಿಯಿತು. ಫಿರಂಗಿ ಹೊಡೆದ ಹಡಗುಗಳಲ್ಲಿ ಒಂದರ ಹೆಸರು ಮೈಸೂರು. ನಮ್ಮ ಏಳು ನೌಕಾಭಟರು ಆ ನಡುಗಡ್ಡೆಯ ಮೇಲೆ ಪ್ರಾಣ ಕೊಟ್ಟರು. ಗೋವೆ, ದೀವ್, ಅಂಜದೀವ ಮೂರೂ ಅದೇ ತಿಂಗಳು ಬಿಡುಗಡೆಯಾದವು.

1505ರಲ್ಲಿ ಬರೆದ ಸಾಲದ ಪತ್ರ 1961ರಲ್ಲಿ ಹರಿಯಿತು. ನಡುವೆ ನಾನೂರ ಐವತ್ತಾರು ವರ್ಷ. ಬಡ್ಡಿ ಕಟ್ಟಿದವರು ಹೊನ್ನಾವರದ ಹಡಗಿನವರು, ದಾಭೋಳದ ಅಂಗಡಿಯವರು, ಕಾರವಾರದ ಮೀನುಗಾರರು. ಕಡಲು ಯಾರ ಕೈಯಲ್ಲಿದೆ ಅನ್ನುವುದು ದೊರೆಗಳ ವಿಷಯ ಅಂತ ದಂಡೆಯವರು ಸುಮ್ಮನೆ ಕೂತರೆ ಬಿಲ್ಲು ಕೊನೆಗೆ ಬರುವುದು ದಂಡೆಯವರಿಗೇ. ಬಸ್ಸು ಅರಗಾ ದಾಟುವಾಗ ನೆನಪಿಟ್ಟುಕೊಳ್ಳಲು ಇಷ್ಟು ಸಾಕು.